ಎಲ್ಲರಿಗೂ ಒಂದೇ ಅಳತೆಯ ಬೈಗುಳ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಮನೆಯ ಬಾಗಿಲು ತಟ್ಟಲು ಎತ್ತಿದ ನನ್ನ ಕೈ ಹಾಗೇ ನಿಲ್ಲುತ್ತದೆ. ಒಳಗೆ ಭಾರೀ ಜಗಳ ನಡೆಯುತ್ತಿದೆ.

"ತಗೊಂಡು ಹೋಗಿ ಎರಡು ದಿನ ಆಗಿಲ್ಲ, ಆಗ್ಲೇ ಕೆಟ್ಟು ಕೂತಿದೆ! ನನ್ನನ್ನೇನು ದಡ್ಡಿ ಅಂದ್ಕೊಂಡ್ರಾ?"

ಗಂಡಸಿನ ದನಿಯೊಂದು ಮೆಲ್ಲಗೆ ಏನೋ ಸಮಾಧಾನ ಹೇಳುತ್ತದೆ.

"ಬಿಲ್ಲು ಬಿಲ್ಲು ಅಂತ ಬಡ್ಕೋಬೇಡಿ. ಬಿಲ್ಲು ಕಳೆದುಹೋಗಿದೆ. ಬಿಲ್ಲಿಲ್ಲ ಅಂದ್ರೆ ಈ ಫ್ಯಾನು ನಿಮ್ಮ ಅಂಗಡೀದಲ್ಲ ಅಂತೀರಾ?"

ಆಮೇಲೆ ಅದೇ ಹೆಂಗಸು, ಬೇರೆಯೇ ದನಿಯಲ್ಲಿ: "ರೀ, ಎರಡನೇದು ಸ್ವಲ್ಪ ಜೋರಾಯ್ತಾ?"

"ಒಂದು ಚೂರು ಜೋರೇ ಆಯ್ತು ಕಣೇ. ನಿನ್ನೆ ಇಷ್ಟಿರ್ಲಿಲ್ಲ."

"ಹಂಗಾದ್ರೆ ಅದನ್ನ ಇನ್ನೊಂದ್ಸಲ ಬೈತೀನಿ. ಎದ್ದು ಹೋಗ್ಬೇಡಿ."

ಬಾಗಿಲು ತೆರೆದಾಗ ಎದುರಿಗೆ ನಿಂತಿರುವುದು ಕನ್ನಡಕ ಹಾಕಿದ, ಗುಂಡುಮುಖದ, ಅರವತ್ತರ ಹತ್ತಿರದ ಹೆಂಗಸು. ಈಗಷ್ಟೇ ಮನೆ ಹಾರಿಹೋಗುವಂತೆ ಕೂಗಿದವರು ಇವರೇ ಎಂದು ಆಣೆ ಮಾಡಿ ಹೇಳಿದರೂ ನಂಬುವುದು ಕಷ್ಟ. "ಅಯ್ಯೋ, ಹೊರಗೇ ನಿಂತಿದ್ರಾ? ಬನ್ನಿ ಬನ್ನಿ. ಜಗಳ ಮುಗೀತು, ಈಗ ಕಾಫಿ" ಎನ್ನುತ್ತಾ ಒಳಗೆ ಕರೆಯುತ್ತಾರೆ. ಮೇಜಿನ ಮುಂದೆ ಕೂತು ಬೈಸಿಕೊಂಡ ಗಂಡ ಆಗಲೇ ಎದ್ದು ಒಲೆ ಹಚ್ಚಿದ್ದಾರೆ. ಎದುರು ಮನೆಗೆ ಹೊಸದಾಗಿ ಬಂದವರು ಮೊದಲ ವಾರವೇ ಈ ಗಂಡನನ್ನು ಮೆಟ್ಟಿಲ ಬಳಿ ತಡೆದು, "ಏನಾದ್ರೂ ಸಹಾಯ ಬೇಕಾದ್ರೆ ಸಂಕೋಚ ಪಡ್ಬೇಡಿ ಸಾರ್" ಅಂದಿದ್ದರಂತೆ. ಅದನ್ನು ಹೇಳುವಾಗ ಇಬ್ಬರಿಗೂ ನಗು ತಡೆಯಲಾಗುವುದಿಲ್ಲ.

ಊರಿನ ಹೈಸ್ಕೂಲು ಮಕ್ಕಳು ಈಕೆಯನ್ನು 'ಫ್ಯಾನಮ್ಮ' ಎಂದು ಕರೆಯುತ್ತಾರೆ. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ. ಪರೀಕ್ಷಾ ಕಚೇರಿಯವರು ಕೊಟ್ಟ ಗುರುತಿನ ಚೀಟಿಯಲ್ಲಿ 'ಮಾದರಿ ಗ್ರಾಹಕಿ' ಎಂದಿದೆ. ಅವರನ್ನೇ ಕೇಳಿದರೆ, "ಡಮ್ಮಿ ಗಿರಾಕಿ ಅಂತ ಬರೀರಿ, ಎಲ್ಲರಿಗೂ ಅರ್ಥ ಆಗುತ್ತೆ" ಎನ್ನುತ್ತಾರೆ.

ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳಿಗೆ ಇಲ್ಲಿ ಬರೆಯುವ ಪರೀಕ್ಷೆಯ ಜೊತೆಗೆ ಮಾಡಿ ತೋರಿಸುವ ಪರೀಕ್ಷೆಯೂ ಇದೆ. ಕಾಲೇಜಿಗೆ ಹೋಗಲು, ಇಲ್ಲವೇ ಕೆಲಸಕ್ಕೆ ಸೇರಲು ಹುಡುಗ ಹುಡುಗಿಯರು ಎಷ್ಟು ತಯಾರಾಗಿದ್ದಾರೆ ಎಂದು ನೋಡುವ ಪರೀಕ್ಷೆ ಅದು. ಅದಕ್ಕೆ ಮೂರು ಕೋಣೆಗಳು. ಮೊದಲನೆಯದರಲ್ಲಿ ಒಂದಕ್ಕೊಂದು ತಾಳೆಯಾಗದ ನಾಲ್ಕಾರು ವರದಿಗಳನ್ನು ಓದಿ, ಯಾವುದನ್ನು ನಂಬಬೇಕು, ಯಾಕೆ ಎಂದು ಹೇಳಬೇಕು. ಎರಡನೆಯದರಲ್ಲಿ ನಾಲ್ಕು ಜನ ಸೇರಿ ಒಂದು ಕೆಲಸವನ್ನು ಹಂಚಿಕೊಂಡು ಮುಗಿಸಬೇಕು. ಮೂರನೆಯದು ಅಂಗಡಿ ಕೋಣೆ. ಅಲ್ಲಿ ವಿದ್ಯಾರ್ಥಿ ಕೌಂಟರಿನ ಹಿಂದೆ ನಿಲ್ಲಬೇಕು. ಬಾಗಿಲು ದಡಾರನೆ ತೆರೆಯುತ್ತದೆ. ಕೆಟ್ಟ ಟೇಬಲ್ ಫ್ಯಾನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಬ್ಬ ಸಿಟ್ಟಿನ ಗಿರಾಕಿ ಒಳಗೆ ನುಗ್ಗುತ್ತಾಳೆ.

ಆ ಗಿರಾಕಿಯೇ ನಮ್ಮ ಫ್ಯಾನಮ್ಮ.

ಆ ಕೋಣೆ ಮೊದಲು ಶಾಲೆಯ ಉಗ್ರಾಣವಾಗಿತ್ತು. ಈಗ ಅಲ್ಲೊಂದು ಮರದ ಕೌಂಟರು, ಗೋಡೆಗೆ ಖಾಲಿ ಡಬ್ಬಗಳನ್ನು ಜೋಡಿಸಿದ ಕಪಾಟು, ನಿಜವಾದ ಅಂಗಡಿ ಎನ್ನಿಸಲೆಂದು ಕತ್ತರಿ, ಟೇಪು, ಸ್ಕ್ರೂಡ್ರೈವರು ತುಂಬಿದ ಒಂದು ಡ್ರಾಯರು. ಮೂಲೆಯಲ್ಲಿ ಇಬ್ಬರು ಪರೀಕ್ಷಕರು ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಪರೀಕ್ಷೆಯ ಕಾಲದಲ್ಲಿ ದಿನಕ್ಕೆ ಮೂವತ್ತರ ಆಸುಪಾಸು ಮಕ್ಕಳು ಬರುತ್ತಾರೆ. ಮೂವತ್ತು ಸಲವೂ ಫ್ಯಾನಮ್ಮ ಅದೇ ಫ್ಯಾನನ್ನು ಹೊತ್ತು ನುಗ್ಗಬೇಕು. ಅದೇ ಮೂರು ದೂರು, ಅದೇ ಕ್ರಮ, ಅದೇ ಏರುದನಿ. ಮಗು ಕುರ್ಚಿ ತೋರಿಸಿದರೆ ಕೂರಬೇಕು. "ಏನಾಯ್ತು ಹೇಳಿ" ಎಂದು ಕೇಳಿದರೆ ದನಿ ಒಂದು ಮೆಟ್ಟಿಲು ಇಳಿಯಬೇಕು. ಎದುರುತ್ತರ ಕೊಟ್ಟರೆ ಒಂದು ಮೆಟ್ಟಿಲು ಏರಬೇಕು.

"ಬೈಯೋದು ಯಾರಿಗೂ ಕಷ್ಟ ಅಲ್ಲ ಸ್ವಾಮಿ," ಎನ್ನುತ್ತಾರೆ ಅವರು. "ಬೆಳಿಗ್ಗೆ ಮೊದಲನೇ ಮಗೂಗೆ ಎಷ್ಟು ಬೈದ್ನೋ ಸಾಯಂಕಾಲ ಕೊನೇ ಮಗೂಗೂ ಅಷ್ಟೇ ಬೈಬೇಕು ನೋಡಿ, ಅದು ಕಷ್ಟ. ಮುದ್ದುಮುಖದವನು ಬಂದ ಅಂತ ಇಳಿಸೋ ಹಾಗಿಲ್ಲ. ತಲೆಹರಟೆ ಬಂದ ಅಂತ ಏರಿಸೋ ಹಾಗೂ ಇಲ್ಲ. ಒಬ್ಬರಿಗೆ ಕಮ್ಮಿ ಬೈದ್ರೆ ಇನ್ನೊಬ್ಬರಿಗೆ ಮೋಸ ಮಾಡಿದ ಹಾಗೆ."

ಅದಕ್ಕೇ ಈ ಮುಂಜಾನೆಯ ಅಭ್ಯಾಸ. ಅದಕ್ಕೇ ಮಧ್ಯಾಹ್ನದ ಊಟವನ್ನು ಎರಡು ಪಾಲು ಮಾಡಿ, ಅರ್ಧವನ್ನು ಪರೀಕ್ಷೆ ಮುಗಿದ ಮೇಲೆ ತಿನ್ನುತ್ತಾರೆ. "ಹೊಟ್ಟೆ ತುಂಬಿದ್ರೆ ನನಗೆ ಸಿಟ್ಟೇ ಬರಲ್ಲ. ಮೊದಲನೇ ವರ್ಷ ಊಟ ಆದ್ಮೇಲೆ ಬಂದ ಮಕ್ಕಳಿಗೆಲ್ಲ ಸಲೀಸಾಗಿಬಿಡ್ತಿತ್ತು. ಪರೀಕ್ಷಕರೇ ಹೇಳಿದ್ರು, ಅಮ್ಮ, ಮಧ್ಯಾಹ್ನ ನೀವು ಬೈತಾ ಇಲ್ಲ, ಲಾಲಿ ಹಾಡ್ತಾ ಇದೀರಿ ಅಂತ!"

ಈ ಕೆಲಸಕ್ಕೆ ಅವರು ಬಂದದ್ದೂ ತಮಾಷೆಯ ದಾರಿಯಲ್ಲೇ. ಹಿಂದೆ ನೀರು ಸರಬರಾಜು ಕಚೇರಿಯಲ್ಲಿ ದೂರಿನ ಫೋನು ಎತ್ತುವ ಕೆಲಸ. ನಲ್ಲಿಯಲ್ಲಿ ನೀರು ಬರದಿದ್ದರೂ ಅವರಿಗೇ ಬೈಗುಳ, ರಸ್ತೆಯಲ್ಲಿ ಪೈಪು ಒಡೆದು ನೀರು ಜಾಸ್ತಿ ಬಂದರೂ ಅವರಿಗೇ ಬೈಗುಳ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಿವಿಗೆ ಫೋನು ಒತ್ತಿಕೊಂಡು ಊರಿನ ಸಿಟ್ಟನ್ನೆಲ್ಲ ಕೇಳಿದರು. ಆಮೇಲೊಂದು ದಿನ ಅವರ ಜಾಗಕ್ಕೆ 'ಒಂದನ್ನು ಒತ್ತಿ, ಎರಡನ್ನು ಒತ್ತಿ' ಎನ್ನುವ ಯಂತ್ರದ ದನಿ ಬಂತು. ಅದೇ ಸಮಯಕ್ಕೆ, ಸಾಮಾನಿನ ವ್ಯಾನು ಓಡಿಸುತ್ತಿದ್ದ ಗಂಡನಿಗೆ ಬೆನ್ನು ಹಿಡಿದುಕೊಂಡು, ಸ್ಟಿಯರಿಂಗಿನ ಮುಂದೆ ಕೂರುವುದು ನಿಂತಿತು. ಇಬ್ಬರೂ ಮನೆಯಲ್ಲಿ ಮುಖ ಮುಖ ನೋಡಿಕೊಂಡು ಕೂತ ಆ ವರ್ಷದ ಬಗ್ಗೆ ಅವರು ಹೆಚ್ಚು ಹೇಳುವುದಿಲ್ಲ. "ಇವರು ಅಡುಗೆ ಕಲಿತರು. ನಾನು ತಿನ್ನೋದು ಕಲಿತೆ. ಅದೇ ಹೆಚ್ಚು ಕಷ್ಟ ಇತ್ತು" ಎಂದು ಗಂಡನ ಕಡೆ ಕಣ್ಣು ಹೊರಳಿಸುತ್ತಾರೆ.

ಪರೀಕ್ಷೆಗೆ ಸಿಟ್ಟಿನ ಗಿರಾಕಿ ಬೇಕೆಂಬ ಸುದ್ದಿ ಬಂದಾಗ, ಹೋಗಿ ನೋಡು ಎಂದು ಎಬ್ಬಿಸಿ ಕಳಿಸಿದ್ದು ಗಂಡನೇ. ನಾಟಕದವರು, ವಕೀಲರು, ನಿವೃತ್ತ ಮೇಷ್ಟ್ರುಗಳೆಲ್ಲ ಸಾಲಾಗಿ ನಿಂತಿದ್ದರಂತೆ. "ಅವರೆಲ್ಲ ಹಲ್ಲು ಕಡಿದ್ರು, ಮೇಜು ಗುದ್ದಿದ್ರು. ನಾನು, ಫೋನಿನಲ್ಲಿ ನನಗೆ ದಿನಾ ಬೀಳ್ತಿದ್ದ ಬೈಗುಳಾನೇ ವಾಪಸ್ ಕೊಟ್ಟೆ ಅಷ್ಟೇ. ಮುಖ್ಯ ಪರೀಕ್ಷಕರು ಕುರ್ಚಿ ಸಮೇತ ಹಿಂದೆ ಸರಿದ್ರು. ಕೆಲಸ ಸಿಕ್ತು."

ವಿಚಿತ್ರವೆಂದರೆ, ನಿಜವಾದ ಅಂಗಡಿಯಲ್ಲಿ ಫ್ಯಾನಮ್ಮನಿಗೆ ಬಾಯೇ ಬರುವುದಿಲ್ಲ. ಒಮ್ಮೆ ಚಪ್ಪಲಿ ಕೊಂಡು ಮನೆಗೆ ಬಂದು ನೋಡಿದರೆ ಎರಡೂ ಎಡಗಾಲಿನವು. "ಇರ್ಲಿ ಬಿಡ್ರಿ, ನಡೆದ್ರೆ ಅಭ್ಯಾಸ ಆಗುತ್ತೆ" ಅಂದರಂತೆ! ಗಂಡ ಬಲವಂತವಾಗಿ ವಾಪಸು ಕಳಿಸಿದರು. ಕೌಂಟರಿನಲ್ಲಿದ್ದ ಯುವಕ ಈಕೆಯನ್ನು ಕಂಡವನೇ ಎದ್ದು ನೆಟ್ಟಗೆ ನಿಂತ. ಕುರ್ಚಿ ಹಾಕಿದ. ನೀರು ಕೊಟ್ಟ. "ಏನಾಯ್ತು ಹೇಳಿ ಅಮ್ಮ, ನಾನು ಪೂರ್ತಿ ಕೇಳ್ತೀನಿ" ಎಂದ. ಹೇಳುತ್ತಾ ಹೇಳುತ್ತಾ ಮೇಲೆ ಕೆಳಗೆ ಕ್ಯಾಮೆರಾ ಹುಡುಕಿದ. ಚಪ್ಪಲಿ ಬದಲಾಯಿಸಿ ಕೈಗಿಟ್ಟು, ದನಿ ತಗ್ಗಿಸಿ, "ಮೇಡಂ, ಈ ಸಲ ಎಷ್ಟು ಮಾರ್ಕ್ಸು?" ಎಂದು ಕೇಳಿದ. ಎರಡು ವರ್ಷದ ಹಿಂದೆ ಅಂಗಡಿ ಕೋಣೆಯಲ್ಲಿ ಬೆವರಿ ಮುದ್ದೆಯಾಗಿದ್ದ ಹುಡುಗನೇ ಅವನು.

ಎಲ್ಲ ಕಡೆಯೂ ಹೀಗೆ ನಗು ಸಿಗುವುದಿಲ್ಲ. ಮಾರುಕಟ್ಟೆಯಲ್ಲಿ ಒಬ್ಬ ತಂದೆ ಎದುರು ನಿಂತು, "ನನ್ನ ಮಗ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಹಾಗೆ ಬೈತಾರೇನ್ರೀ ಮಕ್ಕಳಿಗೆ?" ಎಂದು ಕೇಳಿದ್ದುಂಟು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಸಮವಸ್ತ್ರದ ಮಕ್ಕಳು ನಿಂತೇ ಹೋಗುತ್ತಾರೆ. ಪರೀಕ್ಷೆಯ ವಿಷಯ ಹೊರಗೆ ಮಾತಾಡಬಾರದೆಂಬ ನಿಯಮವಿರುವುದರಿಂದ ಅವರು ಯಾರಿಗೂ ಏನನ್ನೂ ಬಿಡಿಸಿ ಹೇಳುವಂತಿಲ್ಲ. ಬಾಯಿಗೆ ಬೀಗ. ನನ್ನೊಡನೆ ಮಾತಾಡಿದ್ದೂ ಕಚೇರಿಯವರ ಒಪ್ಪಿಗೆ ಪಡೆದ ಮೇಲೆಯೇ.

ಅವರ ಕೆಲಸದಲ್ಲಿ ಬೈಗುಳದಷ್ಟೇ ಮುಖ್ಯವಾದ ಇನ್ನೊಂದು ಭಾಗವಿದೆ. ಮಗು ಹೊರಗೆ ಹೋದ ಮೇಲೆ ಪರೀಕ್ಷಕರು ಅವರಿಗೆ ಒಂದೇ ಒಂದು ಪ್ರಶ್ನೆ ಕೇಳುತ್ತಾರೆ: "ಈ ಅಂಗಡಿಗೆ ನೀವು ಮತ್ತೆ ಬರ್ತೀರಾ?" ಉತ್ತರ 'ಹೌದು' ಅಥವಾ 'ಇಲ್ಲ'. ವಿವರಣೆಗೆ ಅವಕಾಶವಿಲ್ಲ. ಪರೀಕ್ಷಕರ ಅಂಕಗಳು ಗಡಿಯಲ್ಲಿ ತೂಗಾಡುವಾಗ ಈ ಒಂದು ಮಾತು ಮಗುವನ್ನು ಆಚೆಗೋ ಈಚೆಗೋ ದಾಟಿಸುತ್ತದೆ.

ಹೋದ ವರ್ಷದ ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಬಂದಳು. ಸಣಕಲು ಮೈ, ಬಿಗಿಯಾಗಿ ಕಟ್ಟಿದ ಜಡೆ, ಮುಚ್ಚಿದ ಬಾಯಿ. ಫ್ಯಾನಮ್ಮ ಎಂದಿನಂತೆ ನುಗ್ಗಿ, ಫ್ಯಾನನ್ನು ಕೌಂಟರಿನ ಮೇಲೆ ಕುಕ್ಕಿ, ಮೊದಲ ದೂರು ಶುರು ಮಾಡಿದರು. ಹುಡುಗಿ ಏನೂ ಹೇಳಲಿಲ್ಲ. ಫ್ಯಾನನ್ನು ತನ್ನ ಕಡೆ ಎಳೆದುಕೊಂಡು, ಪ್ಲಗ್ಗು ಚುಚ್ಚಿ ನೋಡಿದಳು, ಕಿತ್ತಳು. ಡ್ರಾಯರಿನಿಂದ ಸ್ಕ್ರೂಡ್ರೈವರು ತೆಗೆದು ಫ್ಯಾನನ್ನು ಮಗುಚಿ ಹಾಕಿದಳು.

"ನಾಲ್ಕು ವರ್ಷದಿಂದ ಹೊತ್ತು ತಿರುಗ್ತಾ ಇದೀನಿ, ಆ ಡ್ರಾಯರಿಗೆ ಯಾರೂ ಕೈ ಹಾಕಿರ್ಲಿಲ್ಲ," ಎಂದು ನೆನೆಯುತ್ತಾರೆ ಫ್ಯಾನಮ್ಮ. "ನಾನು ಬೈತಾ ಇದೀನಿ, ಅವಳು ಸ್ಕ್ರೂ ಬಿಚ್ತಾ ಇದಾಳೆ. ಗೋಡೆಗೆ ಬೈದ ಹಾಗೆ! ನಿಲ್ಲಿಸೋ ಹಾಗೂ ಇಲ್ಲ. ಎರಡನೇ ದೂರು ಮುಗಿಸ್ದೆ. ಅವಳು ಒಳಗಿನ ವೈರು ತಿರುವಿ ಮುಚ್ಚಳ ಹಾಕಿದ್ಲು. ಮೂರನೇದು 'ಇದರಲ್ಲಿ ಗಾಳೀನೇ ಬರಲ್ಲ' ಅಂತ ಇದೆ. ನಾನು ಬಾಯಿ ತೆಗೆದೆ, ಅವಳು ಪ್ಲಗ್ಗು ಚುಚ್ಚಿ ಸ್ವಿಚ್ ಹಾಕಿದ್ಲು. ಭರ್ರೋ ಅಂತ ಗಾಳಿ!"

ಫ್ಯಾನಮ್ಮನ ಕೂದಲು ಹಿಂದಕ್ಕೆ ಹಾರಿತು. ಪರೀಕ್ಷಕರ ಕಾಗದಗಳು ಕೋಣೆಯ ತುಂಬ ಹಾರಾಡಿದವು. ಮುಖ್ಯ ಪರೀಕ್ಷಕರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಹಾರುವ ಕೂದಲ ನಡುವೆಯೇ ಫ್ಯಾನಮ್ಮ, ಕರ್ತವ್ಯ ಬಿಡದೆ, "ಇದರಲ್ಲಿ ಗಾಳೀನೇ ಬರಲ್ಲ!" ಎಂದು ಪೂರ್ತಿ ಸಿಟ್ಟಿನಲ್ಲಿ ಹೇಳಿ ಮುಗಿಸಿದರು. ಹುಡುಗಿ ಫ್ಯಾನನ್ನು ಆರಿಸಿ, ಅವರ ಕಡೆ ತಳ್ಳಿ, ತಲೆ ತಗ್ಗಿಸಿ ನಿಂತಳು. ಅಷ್ಟರಲ್ಲಿ ಸಮಯ ಮುಗಿಯಿತು.

ಹೊರಗೆ ಇನ್ನೂ ಹತ್ತು ಹನ್ನೆರಡು ಮಕ್ಕಳು ಕಾಯುತ್ತಿದ್ದರು. ಅವರಿಗೆ ಕೊಡಲು ಈಗ ಕೆಟ್ಟ ಫ್ಯಾನೇ ಇಲ್ಲ! ಕಿರಿಯ ಪರೀಕ್ಷಕ ಅದನ್ನು ಹೇಗಾದರೂ ಕೆಡಿಸಲು ಹೆಣಗಿದ. ಅದು ಇನ್ನಷ್ಟು ಚೆನ್ನಾಗಿ ತಿರುಗಿತು. ಕೊನೆಗೆ ಕೋಣೆಯ ಫ್ಯೂಸನ್ನೇ ಕಿತ್ತಿಟ್ಟು ಪರೀಕ್ಷೆ ಮುಂದುವರಿಸಿದರು.

ಅದಕ್ಕೂ ಮೊದಲು ಎಂದಿನ ಪ್ರಶ್ನೆ ಬಂದಿತ್ತು. "ಈ ಅಂಗಡಿಗೆ ಮತ್ತೆ ಬರ್ತೀರಾ?"

ಹುಡುಗಿಯ ಕೈಚಳಕ ಕಂಡು ಫ್ಯಾನಮ್ಮನಿಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಗಿತ್ತು. ಆದರೆ ಅವರನ್ನು ಅಲ್ಲಿ ಕೂರಿಸಿದ್ದು ಖುಷಿಪಡಲು ಅಲ್ಲ, ಗಿರಾಕಿಯಾಗಿ ಉತ್ತರಿಸಲು. "ನೀರಿನ ಆಫೀಸಲ್ಲಿ ಎಷ್ಟೋ ಸಲ ಪೈಪು ರಿಪೇರಿ ಆಗಿರೋದು. ಆದ್ರೂ ಜನ ಫೋನ್ ಮಾಡಿ ಬೈಯೋರು. ಯಾಕೆ ಅಂದ್ರೆ ರಿಪೇರಿ ಆಗ್ತಾ ಇದೆ ಅಂತ ಯಾರೂ ಅವರಿಗೆ ಒಂದು ಮಾತು ಹೇಳಿರ್ತಿರ್ಲಿಲ್ಲ. ಈ ಮಗು ನನ್ನ ವಸ್ತು ಕಿತ್ಕೊಂಡು, ಮಾತಿಲ್ಲದೆ ಬಿಚ್ಚಿ ಹಾಕಿದ್ಲು. ನಾನು ಅಲ್ಲಿ ಇದೀನಿ ಅನ್ನೋದೇ ಅವಳಿಗೆ ಗೊತ್ತಿಲ್ಲದ ಹಾಗಿತ್ತು. ನಿಜ ಹೇಳ್ಬೇಕಲ್ಲ? 'ಇಲ್ಲ' ಅಂದೆ."

ಅವರ 'ಇಲ್ಲ' ಭಾರವಾಗಿಯೇ ಬಿತ್ತು. ಕಿರಿಯ ಪರೀಕ್ಷಕ ಅವಳಿಗೆ ಪೂರ್ತಿ ಅಂಕ ಕೊಡಬೇಕೆಂದು ವಾದಿಸಿದ. ಮುಖ್ಯ ಪರೀಕ್ಷಕರು ಒಪ್ಪಲಿಲ್ಲ; ಹುಡುಗಿ ಆ ಕೋಣೆ ದಾಟಲಿಲ್ಲ. ಅವರನ್ನು ನಾನು ಆಮೇಲೆ ಭೇಟಿಯಾದೆ. ಗಣಿತ ಕಲಿಸಿದವರು, ಮೆತ್ತಗೆ ಮಾತಾಡುವವರು. "ಈ ಕೋಣೆ ಅಳೆಯೋದು ಮನುಷ್ಯರ ಜೊತೆ ಹೇಗಿರ್ತಾರೆ ಅನ್ನೋದನ್ನ. ರಿಪೇರಿಗೆ ಇಲ್ಲಿ ಅಂಕ ಇಲ್ಲ. ಆದ್ರೆ ಆ ಹುಡುಗಿ ಪಾಲಿಟೆಕ್ನಿಕ್ಕಿಗೆ ಅರ್ಜಿ ಹಾಕಿದ್ಲು. ಮೂರೂ ಕೋಣೆ ದಾಟದೆ ಅಲ್ಲಿ ಸೀಟಿಲ್ಲ. ನಮಗೆಲ್ಲ ಬಹಳ ಬೇಜಾರಾಯ್ತು," ಎಂದರು. ಅವರು ಆ ದಿನ ಶಾಲೆಗೆ ಒಂದು ಮಾತು ತಿಳಿಸಿದರು: ಕೈ ಬಹಳ ಚೆನ್ನಾಗಿದೆ, ಕೈ ಮಾಡುವುದನ್ನು ಬಾಯಿ ಹೇಳಲಿ. ಒಂದೂವರೆ ತಿಂಗಳ ಮೇಲೆ ಮರುಪರೀಕ್ಷೆಗೆ ಅವಕಾಶವಿತ್ತು.

ಆ ಒಂದೂವರೆ ತಿಂಗಳು ಮನೆಯಲ್ಲಿ ಹೇಗಿತ್ತೆಂದು ಗಂಡನ ಬಾಯಲ್ಲೇ ಕೇಳಬೇಕು. "ಬೆಳಗಿನ ಜಗಳ ನಿಂತೇಹೋಯ್ತು ಸಾರ್. ನನಗೆ ಮನೆ ಬಿಕೋ ಅನ್ನಿಸ್ತು! ಒಂದು ಮಗೂನ ಭವಿಷ್ಯಕ್ಕೆ ಕಲ್ಲು ಹಾಕಿದೆ ಅಂತ ಕೊರಗ್ತಾ ಕೂರೋಳು. ನಾನೇ ಬೈದೆ. ಹೌದು ಅಂತ ಸುಳ್ಳು ಹೇಳಿದ್ರೆ ಅವಳು ಹೊರಗಡೆ ನಿಜವಾದ ಗಿರಾಕಿ ಹತ್ರ ಒದ್ದಾಡ್ತಿದ್ಲು, ಸುಮ್ನಿರು ಅಂತ."

ಮರುಪರೀಕ್ಷೆಯ ದಿನ ಫ್ಯಾನಿನ ಬದಲು ಕೆಟ್ಟ ಇಸ್ತ್ರಿ ಪೆಟ್ಟಿಗೆ. ಅಷ್ಟು ದಿನ ಕೊರಗಿದ್ದರೂ ಫ್ಯಾನಮ್ಮ ಒಳಗೆ ನುಗ್ಗಿದ್ದು ಎಂದಿನ ಬಿರುಸಿನಲ್ಲೇ, ಬೈದದ್ದು ಎಂದಿನ ಅಳತೆಯಲ್ಲೇ.

ಹುಡುಗಿ ಬೆಚ್ಚಿದಳು. ಆಮೇಲೆ ಇಸ್ತ್ರಿ ಪೆಟ್ಟಿಗೆಯನ್ನೇ ನೋಡುತ್ತಾ, "ಅಮ್ಮ, ನೀವು... ಮೊದಲು ಕೂತ್ಕೊಳ್ಳಿ" ಎಂದಳು.

ಫ್ಯಾನಮ್ಮ ಕೂತರು. ಎರಡನೇ ದೂರು ಹೇಳಿದರು.

"ಇದನ್ನ ಒಂದ್ಸಲ ಬಿಚ್ಚಿ ನೋಡ್ಲಾ? ನಿಮ್ಮ ಎದುರಿಗೇ ಬಿಚ್ತೀನಿ." ಫ್ಯಾನಮ್ಮ ತಲೆಯಾಡಿಸಿದ ಮೇಲೆಯೇ ಅವಳು ಡ್ರಾಯರಿಗೆ ಕೈ ಹಾಕಿದಳು. "ಈಗ ಹಿಂದಿನ ಮುಚ್ಚಳ ತೆಗೀತಾ ಇದೀನಿ. ವೈರು ಸರಿಯಾಗಿದೆ. ಇಲ್ಲಿ ಏನೂ ಆಗಿಲ್ಲ. ಇನ್ನೂ ಸ್ವಲ್ಪ ಒಳಗೆ ನೋಡ್ತೀನಿ, ಎರಡು ನಿಮಿಷ ಅಮ್ಮ." ಆಮೇಲೆ ಕೈ ನಿಂತಿತು. "ಇದು ನನ್ನ ಕೈಲಿ ಆಗಲ್ಲ. ಒಳಗಿನ ಕಾಯಿಲ್ ಸುಟ್ಟುಹೋಗಿದೆ. ಆದ್ರೆ ನಿಮ್ಮನ್ನ ಹಾಗೇ ಕಳಿಸಲ್ಲ. ಮಾಲೀಕರ ಹತ್ರ ಮಾತಾಡಿ ಬೇರೆ ಕೊಡಿಸೋಕೆ ನೋಡ್ತೀನಿ. ನಾಳೆ ಬೆಳಿಗ್ಗೆ ನಾನೇ ಫೋನ್ ಮಾಡಿ ಹೇಳ್ತೀನಿ" ಎಂದಳು.

"ಕೊನೇವರೆಗೂ ನನ್ನ ಮುಖ ನೋಡ್ಲೇ ಇಲ್ಲ ಅವಳು," ಎನ್ನುತ್ತಾರೆ ಫ್ಯಾನಮ್ಮ. "ಆದ್ರೆ ಮಾತೆಲ್ಲ ನನಗೇ ಹೇಳಿದ್ದು. ಮೊದಲನೇ ಸಲ ನನ್ನ ಫ್ಯಾನು ಸರಿಹೋಯ್ತು, ನಾನು ಇಲ್ಲ ಅಂದೆ. ಈ ಸಲ ಇಸ್ತ್ರಿ ಪೆಟ್ಟಿಗೆ ಕೆಟ್ಟೇ ಇತ್ತು. ಪ್ರಶ್ನೆ ಕೇಳಿ ಮುಗಿಸೋಕೆ ಮುಂಚೇನೇ 'ಬರ್ತೀನಿ' ಅಂದೆ. ಮುಖ್ಯ ಪರೀಕ್ಷಕರು, ಅಮ್ಮ ಇನ್ನೂ ನಾನು ಕೇಳೇ ಇಲ್ಲ ಅಂದ್ರು!"

ಆ ಹುಡುಗಿ ಈಗ ಪಾಲಿಟೆಕ್ನಿಕ್ಕಿನ ಮೊದಲ ವರ್ಷದಲ್ಲಿದ್ದಾಳೆ. ಸಂಜೆ ಅಜ್ಜನ ರಿಪೇರಿ ಅಂಗಡಿಯಲ್ಲಿ ಕೂರುತ್ತಾಳೆ. ನಾನು ಹೋದಾಗ ಒಂದು ಮಿಕ್ಸಿಯ ಹೊಟ್ಟೆ ಬಗೆದು ಕೂತಿದ್ದಳು. ಅದು ಫ್ಯಾನಮ್ಮನ ಮನೆಯದೇ. ಫಲಿತಾಂಶ ಬಂದ ಮೇಲೆ ಆ ಅಮ್ಮ ಕಚೇರಿಯವರ ಒಪ್ಪಿಗೆ ಪಡೆದು ಈ ಅಂಗಡಿಗೆ ಬಂದಿದ್ದರಂತೆ. ಬಂದವರು ಮೊದಲು ಹೇಳಿದ್ದು, "ಆವತ್ತು ಇಲ್ಲ ಅಂದವಳು ನಾನೇ ಕಣಮ್ಮ" ಎಂಬ ಮಾತನ್ನು.

ನಿನಗೆ ಬೇಜಾರಾಗಲಿಲ್ಲವೇ ಎಂದು ಕೇಳಿದೆ. ಹುಡುಗಿ ಮಿಕ್ಸಿಯಿಂದ ಕಣ್ಣೆತ್ತದೆ ಯೋಚಿಸಿದಳು. "ಸ್ವಲ್ಪ ಆಯ್ತು. ಆದ್ರೆ ನಾನೇ ಗಿರಾಕಿ ಆಗಿದ್ರೂ ಇಲ್ಲ ಅಂತಿದ್ದೆ. ಚಿಕ್ಕವಳಿದ್ದಾಗಿಂದ ಮಷೀನುಗಳ ಜೊತೇನೇ ಬೆಳೆದೆ. ಅವು ಏನೂ ಕೇಳಲ್ಲ ಅಲ್ವಾ? ಈಗ ಯಾರಾದ್ರೂ ಬಂದ್ರೆ ಏನು ಮಾಡ್ತೀನೋ ಅದನ್ನ ಜೋರಾಗಿ ಹೇಳ್ಕೊಂಡೇ ಮಾಡ್ತೀನಿ. ಅಜ್ಜ, ನಿನ್ನ ಬಾಯಿಗೆ ಒಂದು ಸ್ವಿಚ್ ಇಡ್ಬೇಕು ಅಂತಾರೆ." ಒಳಗಿನಿಂದ ಅಜ್ಜನ ಕೆಮ್ಮು ಕೇಳಿಸುತ್ತದೆ. ಅದು ನಗುವೂ ಇರಬಹುದು.

ಮತ್ತೆ ಈ ವರ್ಷದ ಪರೀಕ್ಷೆಗಳು ಶುರುವಾಗಿವೆ. ಕಾಫಿ ಮುಗಿಸಿ ಫ್ಯಾನಮ್ಮ ಹೊರಡುತ್ತಾರೆ. ಗಂಡ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿ ಕೊಡುತ್ತಾರೆ. ಹತ್ತು ಮಕ್ಕಳಿಗೊಮ್ಮೆ ಒಂದು ಲೋಟ ಕುಡಿಯದಿದ್ದರೆ ಗಂಟಲು ಕೈಕೊಡುತ್ತದೆ. ಮೆಟ್ಟಿಲು ಇಳಿಯುತ್ತಾ, ಕಚೇರಿಯವರ ಹತ್ತಿರ ನಿಮ್ಮದೇನಾದರೂ ಬೇಡಿಕೆ ಇದೆಯೇ ಎಂದು ಕೇಳುತ್ತೇನೆ. ಅವರು ಒಂದು ಮೆಟ್ಟಿಲ ಮೇಲೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ.

"ಒಂದೇ ಒಂದು ಕೇಳಿದೀನಿ. ಕೊನೇ ದಿನ ಪರೀಕ್ಷೆ ಎಲ್ಲ ಮುಗಿದ ಮೇಲೆ ಶಾಲೆ ಗೇಟಿನ ಹತ್ರ ನನಗೊಂದು ಕುರ್ಚಿ ಹಾಕ್ಸಿ ಅಂತ. ನಾನು ಏನೂ ಮಾತಾಡಲ್ಲ. ಮಕ್ಕಳೆಲ್ಲ ಮನೆಗೆ ಹೋಗೋವಾಗ ನಾನು ಸುಮ್ನೆ ನಗ್ತಾ ಕೂತಿರ್ತೀನಿ. ಈ ಹೆಂಗಸು ನಗ್ತಾಳೆ ಕಣೋ ಅಂತ ಒಬ್ಬರಿಗೊಬ್ಬರು ತೋರಿಸ್ಕೊಂಡು ಹೋಗ್ಲಿ, ಅಷ್ಟು ಸಾಕು ನನಗೆ."